ತಗ್ಗುಕಾಡಿನ ಗೊರಿಲ್ಲಾಗಳನ್ನು ಮನುಷ್ಯರಿಗೆ ಒಗ್ಗಿಸಿದ ಚರಿತ್ರೆ

ಮಧ್ಯ ಆಫ್ರಿಕಾದ ಮಳೆಕಾಡುಗಳಲ್ಲಿ ಗಂಟೆಗಟ್ಟಲೆ ನಡೆದುಹೋಗಿ, ಮನುಷ್ಯರ ಇರವಿಗೆ ಒಗ್ಗಿಕೊಂಡ ಗೊರಿಲ್ಲಾ ಕುಟುಂಬವೊಂದನ್ನು ಕೆಲವೇ ಮೀಟರುಗಳ ಅಂತರದಿಂದ ಒಂದು ತಾಸು ನೋಡಿ ಮರಳುವ ಪ್ರವಾಸವು ಅಲ್ಲಿನ ಹಲವು ದೇಶಗಳ ರಾಷ್ಟ್ರೀಯ ಉದ್ಯಾನಗಳಿಗೆ ಇಂದು ಹೆಸರು ತಂದಿರುವ ವ್ಯವಹಾರವಾಗಿದೆ. ಈ ವ್ಯವಹಾರದ ವಯಸ್ಸು ಅರ್ಧ ಶತಮಾನಕ್ಕಿಂತ ತುಸು ಹೆಚ್ಚು, ಅಷ್ಟೆ. ಅದರ ಚರಿತ್ರೆಯನ್ನು ಸಾಮಾನ್ಯವಾಗಿ ಯುರೋಪ್ ಮತ್ತು ಅಮೆರಿಕಗಳಿಂದ ಬಂದ ಸಂಶೋಧಕರ ಸಾಹಸಗಾಥೆಯಾಗಿ ಹೇಳುವುದು ರೂಢಿ. ಆದರೆ ದಾಖಲೆಗಳನ್ನು ಒಟ್ಟಿಗೆ ಇಟ್ಟು ಓದಿದಾಗ, ಅದು ಮುಖ್ಯವಾಗಿ ಕಾಡಿನ ಬೇಟೆಗಾರ ಸಮುದಾಯಗಳ ಜಾಡು ಹಿಡಿಯುವ ವಿದ್ಯೆಯ ಮೇಲೂ, ತನ್ನನ್ನು ಕಾಪಾಡುತ್ತಿದ್ದ ಅಂಜಿಕೆಯನ್ನು ಬಿಟ್ಟುಕೊಟ್ಟ ಪ್ರಾಣಿಯೊಂದರ ಮೇಲೂ ನಿಂತಿರುವ ಉದ್ಯಮವೆಂಬುದು ಸ್ಪಷ್ಟವಾಗುತ್ತದೆ. ಈ ಇಬ್ಬರಿಗೂ ಸಲ್ಲಬೇಕಾದ ಬಾಕಿ ಇನ್ನೂ ಪೂರ್ತಿ ಸಂದಿಲ್ಲ.

ಜೀವವಿಜ್ಞಾನಿಗಳು ಇಂದು ಗೊರಿಲ್ಲಾಗಳನ್ನು ಪಶ್ಚಿಮದವು, ಪೂರ್ವದವು ಎಂದು ಎರಡು ಪ್ರಭೇದಗಳಾಗಿಯೂ, ಒಂದೊಂದರಲ್ಲಿ ಎರಡೆರಡು ಉಪಪ್ರಭೇದಗಳಾಗಿಯೂ ವಿಂಗಡಿಸುತ್ತಾರೆ. ಪಶ್ಚಿಮದ ತಗ್ಗುನಾಡಿನ ಗೊರಿಲ್ಲಾ ಕ್ಯಾಮರೂನ್, ಗ್ಯಾಬನ್, ಕಾಂಗೋ ಗಣರಾಜ್ಯ, ಮಧ್ಯ ಆಫ್ರಿಕಾ ಗಣರಾಜ್ಯ ಮತ್ತು ಈಕ್ವಟೋರಿಯಲ್ ಗಿನಿಗಳ ಕಾಡುಗಳಲ್ಲಿ ಹರಡಿದೆ. ಅದರ ಹತ್ತಿರದ ಬಂಧುವಾದ ಕ್ರಾಸ್ ನದಿಯ ಗೊರಿಲ್ಲಾ ನೈಜೀರಿಯಾ ಮತ್ತು ಕ್ಯಾಮರೂನ್‌ಗಳ ಗಡಿಯ ಗುಡ್ಡಗಳಲ್ಲಿ ಬಹಳ ಕಡಿಮೆ ಸಂಖ್ಯೆಯಲ್ಲಿ ಉಳಿದಿದೆ. ಪೂರ್ವದಲ್ಲಿ, ರುವಾಂಡಾ, ಉಗಾಂಡಾ ಮತ್ತು ಪ್ರಜಾಸತ್ತಾತ್ಮಕ ಕಾಂಗೋ ಗಣರಾಜ್ಯಗಳು ಕೂಡುವ ಜ್ವಾಲಾಮುಖಿ ಪರ್ವತಗಳಲ್ಲಿ ಹಾಗೂ ಉಗಾಂಡಾದ ಬ್ವಿಂಡಿ ಕಾಡಿನಲ್ಲಿ ಬೆಟ್ಟದ ಗೊರಿಲ್ಲಾ ಇದ್ದರೆ, ಕಾಂಗೋದ ಪೂರ್ವ ಅಂಚಿನಲ್ಲಿ ಮಾತ್ರ ಗ್ರಾವರ್ ಗೊರಿಲ್ಲಾ ಇದೆ. ಆಸ್ಟ್ರಿಯಾದ ಸಂಗ್ರಾಹಕ ರುಡಾಲ್ಫ್ ಗ್ರಾವರನ ಹೆಸರನ್ನು ಹೊತ್ತ ಈ ಉಪಪ್ರಭೇದಕ್ಕೆ ಪೂರ್ವದ ತಗ್ಗುನಾಡಿನ ಗೊರಿಲ್ಲಾ ಎಂಬ ಹೆಸರೂ ಇದೆ. ಆದರೆ ಪ್ರವಾಸಿಗರು ಅದನ್ನು ನೋಡಲು ಹೋಗುವುದು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದ ಬೆಟ್ಟದ ಕಾಡಿಗೆ ಎಂಬುದು ಪ್ರಾಣಿಶಾಸ್ತ್ರದ ನಾಮಕರಣಗಳು ನೆಲದ ಮೇಲೆ ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದಕ್ಕೆ ಸಾಕ್ಷಿ.

ಗೊರಿಲ್ಲಾ ವಿಜ್ಞಾನಕ್ಕೆ ಪರಿಚಯವಾದದ್ದು ತಲೆಬುರುಡೆಯ ರೂಪದಲ್ಲಿ. ಗ್ಯಾಬನ್ ನದಿಯ ತೀರದ ಕ್ರೈಸ್ತ ಮಿಷನ್ನಿನ ಮನೆಯೊಂದರಲ್ಲಿ ಅಂಥ ಬುರುಡೆಯನ್ನು ಕಂಡ ಅಮೆರಿಕದ ಪಾದ್ರಿ-ವೈದ್ಯ ಥಾಮಸ್ ಸ್ಯಾವೇಜ್, ಅಂಗರಚನಾಶಾಸ್ತ್ರಜ್ಞ ಜೆಫ್ರೀಸ್ ವೈಮನ್‌ನೊಡನೆ ಸೇರಿ 1847ರಲ್ಲಿ ಅದರ ಮೊದಲ ಶಾಸ್ತ್ರೀಯ ವಿವರಣೆಯನ್ನು ಪ್ರಕಟಿಸಿದನು. ಪ್ರಾಚೀನ ಕಾರ್ತೇಜಿನ ನಾವಿಕ ಹ್ಯಾನೋ ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಕಂಡನೆಂದು ಹೇಳಲಾಗುವ ರೋಮಮಯ ಜೀವಿಗಳ ಹೆಸರನ್ನು ಈ ಹೊಸ ಪ್ರಾಣಿಗೆ ಇಡಲಾಯಿತು. ಬದುಕಿದ್ದ ಗೊರಿಲ್ಲಾ ಹೇಗಿರುತ್ತದೆಂಬ ಕಲ್ಪನೆಯನ್ನು ಯುರೋಪಿನ ಓದುಗರ ಮನಸ್ಸಿನಲ್ಲಿ ಗಟ್ಟಿಗೊಳಿಸಿದವನು ಮಾತ್ರ ಪಾಲ್ ದು ಶಾಯು. 1850ರ ದಶಕದ ಉತ್ತರಾರ್ಧದಲ್ಲಿ ಗ್ಯಾಬನ್ನಿನ ಒಳನಾಡಿನಲ್ಲಿ ಅಲೆದು, ಸ್ಥಳೀಯ ಬೇಟೆಗಾರರ ಬೆನ್ನು ಹಿಡಿದು ಹಲವು ಗೊರಿಲ್ಲಾಗಳನ್ನು ಕೊಂದು, ಅವುಗಳ ಚರ್ಮ ಮತ್ತು ಬುರುಡೆಗಳನ್ನು ಹೊತ್ತು ಬಂದ ಈತನು 1861ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಗೊರಿಲ್ಲಾ ಎದೆ ಬಡಿದುಕೊಂಡು ಮೇಲೆರಗುವ ರಕ್ಕಸನಾಗಿ ಚಿತ್ರಿತವಾಯಿತು. ಎದೆ ಬಡಿಯುವ ಸಂಗತಿ ನಿಜವಾಗಿತ್ತು. ಅದನ್ನೇ ಅನೇಕ ವಿದ್ವಾಂಸರು ಕಟ್ಟುಕಥೆಯೆಂದು ಶಂಕಿಸಿದರು. ರಕ್ಕಸತನ ಸುಳ್ಳಾಗಿತ್ತು, ಅದನ್ನು ಬಹುತೇಕ ಎಲ್ಲರೂ ನಂಬಿದರು. ಹತ್ತಿರ ಬಂದವನನ್ನು ಹೆದರಿಸಿ ಹಿಂದಕ್ಕಟ್ಟಲು ಗಂಡು ಗೊರಿಲ್ಲಾ ಮಾಡುವ ಪ್ರದರ್ಶನವನ್ನು ಬಂದೂಕಿನ ಹಿಂದೆ ನಿಂತು ನೋಡಿದವನು ಕೊಲೆಯ ಯತ್ನವೆಂದು ಬರೆದದ್ದರಲ್ಲಿ ಅಚ್ಚರಿಯೇನೂ ಇಲ್ಲ. 1933ರ ಕಿಂಗ್ ಕಾಂಗ್ ಚಲನಚಿತ್ರದವರೆಗೂ ಈ ಚಿತ್ರವೇ ನಡೆದುಬಂತು.

ಕೊಲ್ಲದೆ ನೋಡಬೇಕೆಂಬ ಹಂಬಲ ಹುಟ್ಟಿದ ಮೊದಲಲ್ಲಿ ಅದಕ್ಕೆ ಸಿಕ್ಕ ದಾರಿ ವಿಚಿತ್ರವಾದದ್ದು. ಕಪಿಗಳ ಭಾಷೆಯನ್ನು ಕಲಿಯುವ ಉದ್ದೇಶದಿಂದ 1892ರಲ್ಲಿ ಗ್ಯಾಬನ್ನಿಗೆ ಹೊರಟ ಅಮೆರಿಕದ ರಿಚರ್ಡ್ ಲಿಂಚ್ ಗಾರ್ನರ್, ಫೆರ್ನಾನ್ ವಾಜ್ ಹಿನ್ನೀರಿನ ಪಕ್ಕದ ಕಾಡಿನಲ್ಲಿ ಲೋಹದ ಜಾಲರಿಯ ಪಂಜರವೊಂದನ್ನು ಜೋಡಿಸಿ, ಅದಕ್ಕೆ ಗೊರಿಲ್ಲಾ ಕೋಟೆಯೆಂದು ಹೆಸರಿಟ್ಟು, ನೂರಕ್ಕೂ ಹೆಚ್ಚು ದಿನ ಅದರೊಳಗೆ ತಾನೇ ಕುಳಿತನು. ಜೊತೆಗಿದ್ದದ್ದು ಒಂದು ಸಾಕಿದ ಚಿಂಪಾಂಜಿ. ಗೊರಿಲ್ಲಾಗಳು ಅವನಿಗೆ ದರ್ಶನವಿತ್ತದ್ದು ಅಪರೂಪಕ್ಕೊಮ್ಮೆ, ಅದೂ ಕ್ಷಣಕಾಲ. ಗಾರ್ನರನ ಭಾಷಾಸಿದ್ಧಾಂತಗಳನ್ನು ವಿಜ್ಞಾನ ಬಹುಬೇಗ ಮರೆತರೂ, ಪ್ರಾಣಿ ಬಯಲಿನಲ್ಲಿದ್ದು ಮನುಷ್ಯ ಪಂಜರದಲ್ಲಿ ಕುಳಿತ ಆ ಏರ್ಪಾಡು ಚರಿತ್ರೆಯಲ್ಲಿ ಉಳಿಯಬೇಕಾದದ್ದು, ಏಕೆಂದರೆ ಮುಂದಿನ ಮುಕ್ಕಾಲು ಶತಮಾನ ನಡೆದದ್ದು ಅದರ ತದ್ವಿರುದ್ಧ. ಮೃಗಾಲಯಗಳ ಬೇಡಿಕೆಗಾಗಿ ತಗ್ಗುಕಾಡಿನ ಮರಿಗಳನ್ನು ಹಿಡಿಯಲಾಗುತ್ತಿತ್ತು. ಮರಿಯನ್ನು ಹಿಡಿಯಬೇಕಾದರೆ ತಾಯಿಯನ್ನೂ, ಹಲವು ಸಲ ಗುಂಪಿನ ಇತರ ಸದಸ್ಯರನ್ನೂ ಕೊಲ್ಲಬೇಕಾಗುತ್ತಿತ್ತು. ಇಂದಿನ ಈಕ್ವಟೋರಿಯಲ್ ಗಿನಿಗೆ ಸೇರಿದ ರಿಯೊ ಮುನಿಯಲ್ಲಿ 1966ರಲ್ಲಿ ಸಿಕ್ಕು, ಬಾರ್ಸಿಲೋನಾದ ಮೃಗಾಲಯದಲ್ಲಿ 2003ರವರೆಗೆ ಬದುಕಿದ್ದ ಬಿಳಿಯ ಗೊರಿಲ್ಲಾ, ಅಂದರೆ ಮೈಬಣ್ಣದ ವರ್ಣದ್ರವ್ಯವೇ ಇಲ್ಲದೆ ಹುಟ್ಟಿದ್ದ ಜಗತ್ಪ್ರಸಿದ್ಧ 'ಹಿಮದ ಹಳಕು', ತೋಟಕ್ಕೆ ನುಗ್ಗಿದ ತಾಯಿಯನ್ನು ರೈತನೊಬ್ಬ ಕೊಂದಾಗ ಅದರ ಮೈಗೆ ಅಂಟಿಕೊಂಡಿದ್ದ ಮರಿ. ಕನ್ನಡಿಗರು ಕಂಡಿರುವ ಗೊರಿಲ್ಲಾಗಳೂ ಪಶ್ಚಿಮದ ತಗ್ಗುನಾಡಿನವೇ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ 1995ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಿಂದ ಬಂದು, ಬಹುಕಾಲ ದೇಶದ ಏಕೈಕ ಗೊರಿಲ್ಲಾ ಎನಿಸಿದ್ದ ಪೋಲೋ 2014ರಲ್ಲಿ ತೀರಿಕೊಂಡಿತು. 2021ರಲ್ಲಿ ಜರ್ಮನಿಯಿಂದ ಥಾಬೋ ಮತ್ತು ಡೆಂಬಾ ಎಂಬ ಎರಡು ಗಂಡುಗಳು ಅಲ್ಲಿಗೆ ಬಂದವು.

ಬಯಲಿನಲ್ಲಿ ನಿಂತು ಗೊರಿಲ್ಲಾವನ್ನು ನೋಡಬಹುದೆಂಬುದು ಮೊದಲು ಸಾಬೀತಾದದ್ದು ಬೆಟ್ಟದ ಮೇಲೆ. 1902ರಲ್ಲಿ ಜರ್ಮನ್ ಸೇನಾಧಿಕಾರಿ ರಾಬರ್ಟ್ ಫಾನ್ ಬೆರಿಂಗೆ ವಿರುಂಗ ಜ್ವಾಲಾಮುಖಿ ಪರ್ವತಗಳಲ್ಲಿ ಗುಂಡಿಕ್ಕಿದ ಪ್ರಾಣಿಯಿಂದ ಬೆಟ್ಟದ ಗೊರಿಲ್ಲಾ ಜಗತ್ತಿಗೆ ತಿಳಿಯಿತು. ಅಮೆರಿಕದ ಕಾರ್ಲ್ ಏಕ್ಲಿಯ ಒತ್ತಾಯದ ಫಲವಾಗಿ ಬೆಲ್ಜಿಯಂ ಆಡಳಿತವು 1925ರಲ್ಲಿ ಅಲ್ಲಿ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿತು. 1959-60ರಲ್ಲಿ ಅಲ್ಲಿ ಕೆಲಸ ಮಾಡಿದ ಜಾರ್ಜ್ ಶಾಲರ್, ಮುಂದೆ ಮಧ್ಯಪ್ರದೇಶದ ಕಾನ್ಹಾದಲ್ಲಿ ಹುಲಿಗಳನ್ನು ಅಭ್ಯಸಿಸಿ ಭಾರತದ ವನ್ಯಜೀವಿ ವಲಯಕ್ಕೂ ಚಿರಪರಿಚಿತನಾದವನು, ಅಡಗಿ ನೋಡುವುದನ್ನು ಬಿಟ್ಟು, ಬಂದೂಕಿಲ್ಲದೆ, ಗೊರಿಲ್ಲಾಗಳಿಗೆ ಕಾಣುವಂತೆಯೇ ನಿಧಾನವಾಗಿ ಸಮೀಪಿಸುವ ಕ್ರಮವನ್ನು ರೂಢಿಸಿಕೊಂಡನು. 1967ರಿಂದ ಸಂಶೋಧಕಿ ಡಯಾನ್ ಫಾಸಿ ಅದೇ ಕ್ರಮವನ್ನು ಇನ್ನಷ್ಟು ಮುಂದಕ್ಕೊಯ್ದಳು. ಮನುಷ್ಯನು ಅಪಾಯವನ್ನೂ ತರುವುದಿಲ್ಲ, ಆಹಾರವನ್ನೂ ಕೊಡುವುದಿಲ್ಲ ಎಂಬುದು ದಿನದಿನದ ಭೇಟಿಯಿಂದ ಪ್ರಾಣಿಗೆ ಮನದಟ್ಟಾಗಿ, ಅದು ಅವನನ್ನು ಗಮನಿಸುವುದನ್ನೇ ಬಿಟ್ಟುಬಿಡುವ ಸ್ಥಿತಿಗೆ ತರುವ ಈ ಕೆಲಸವನ್ನೇ ಒಗ್ಗಿಸುವಿಕೆ ಎನ್ನುವುದು. ಆನೆಯನ್ನು ಪಳಗಿಸುವ ಹಾಗೆ ಇಲ್ಲಿ ಪ್ರಾಣಿಯಿಂದ ಯಾವ ವಿಧೇಯತೆಯನ್ನೂ ನಿರೀಕ್ಷಿಸುವುದಿಲ್ಲ. ಅಂಜಿಕೆಯೊಂದನ್ನು ತೆಗೆಯಲಾಗುತ್ತದೆ, ಅದರ ಜಾಗದಲ್ಲಿ ಬೇರೇನನ್ನೂ ಇಡುವುದಿಲ್ಲ.

ಈ ವಿದ್ಯೆಯನ್ನು ಪ್ರವಾಸಿಗರಿಗಾಗಿ ಬಳಸಿದ ಮೊದಲ ನೆಲವೆಂದರೆ, ಹೆಚ್ಚಿನವರು ಎಣಿಸುವಂತೆ ರುವಾಂಡಾ ಅಲ್ಲ, ಪ್ರಜಾಸತ್ತಾತ್ಮಕ ಕಾಂಗೋ ಗಣರಾಜ್ಯದ ಕಹೂಜಿ-ಬಿಯೇಗ. ಕಿವು ಸರೋವರದ ದಕ್ಷಿಣ ತುದಿಯ ಬುಕಾವು ನಗರದ ಸಮೀಪದಲ್ಲಿ, ನಂದಿದ ಎರಡು ಜ್ವಾಲಾಮುಖಿ ಶಿಖರಗಳ ಹೆಸರಿನಲ್ಲಿ 1970ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ಹಿಂದಿದ್ದ ವ್ಯಕ್ತಿ ಏಡ್ರಿಯನ್ ಡೆಶ್ರೈವರ್. ಕಿವು ಪ್ರಾಂತದಲ್ಲಿ ನೆಲೆಸಿದ್ದ ಈ ಬೆಲ್ಜಿಯನ್ನನು ಬೇಟೆ ಮತ್ತು ಛಾಯಾಗ್ರಹಣದಿಂದ ಸಂರಕ್ಷಣೆಯ ಕಡೆಗೆ ತಿರುಗಿದವನು. ಕಾಡಿನ ಬೇಟೆ ಮತ್ತು ಸಂಗ್ರಹಣೆಯನ್ನು ನಂಬಿ ಬದುಕಿದ್ದ ಬಾಟ್ವಾ ಸಮುದಾಯದ ಜಾಡುಗಾರರನ್ನು ಜೊತೆಗಿಟ್ಟುಕೊಂಡು ಅವನು ಕಾಸಿಮಿರ್ ಎಂಬ ಬೆಳ್ಳಿಬೆನ್ನಿನ ಗಂಡಿನ ಗುಂಪನ್ನು ದಿನವೂ ಹಿಂಬಾಲಿಸಿದನು. ಬೆಳ್ಳಿಬೆನ್ನಿನ ಗಂಡು ಎಂದರೆ ಪ್ರಾಯಕ್ಕೆ ಬಂದು ಬೆನ್ನಿನ ರೋಮ ಬೂದಿಬಿಳುಪಾದ, ಹೆಣ್ಣುಗಳನ್ನೂ ಮರಿಗಳನ್ನೂ ಕಾಯುವ, ಗುಂಪಿನ ದಾರಿ ಮತ್ತು ತಂಗುದಾಣಗಳನ್ನು ನಿರ್ಧರಿಸುವ ಯಜಮಾನ. ಅವನೊಬ್ಬನು ಒಗ್ಗಿದರೆ ಉಳಿದವು ಕ್ರಮೇಣ ಒಗ್ಗುತ್ತವೆ, ಅವನು ಸತ್ತರೆ ಗುಂಪು ಚೆದುರುವುದುಂಟು. ಇಡೀ ಉದ್ಯಮದ ಬಲವೂ ದೌರ್ಬಲ್ಯವೂ ಈ ಒಂದು ಸಂಗತಿಯಲ್ಲಿ ಅಡಗಿವೆ. 1970ರ ದಶಕದ ಮೊದಲ ವರ್ಷಗಳಿಂದಲೇ ಪ್ರವಾಸಿಗರು ಕಹೂಜಿಯ ಬಿದಿರುಕಾಡುಗಳಿಗೆ ಬರತೊಡಗಿದರು. ರುವಾಂಡಾದಲ್ಲಿ ಇದೇ ಬಗೆಯ ವ್ಯವಸ್ಥಿತ ಪ್ರವಾಸ ಆರಂಭವಾದದ್ದು 1979ರಲ್ಲಿ.

ಆದರೆ ಉದ್ಯಾನ ಹುಟ್ಟಿದ ಅದೇ ದಶಕದಲ್ಲಿ ಬಾಟ್ವಾಗಳನ್ನು ಪರಿಹಾರವಿಲ್ಲದೆ ಆ ಕಾಡಿನಿಂದ ಹೊರಗೆ ಹಾಕಲಾಯಿತು. ಯಾರ ಕಣ್ಣು ಮತ್ತು ಮೂಗಿನ ನೆರವಿಲ್ಲದೆ ಒಂದು ಗೊರಿಲ್ಲಾವನ್ನೂ ಹುಡುಕಲಾಗುತ್ತಿರಲಿಲ್ಲವೋ ಅವರಲ್ಲಿ ಕೆಲವರು ದಿನಗೂಲಿಯ ಜಾಡುಗಾರರಾಗಿ ಒಳಗೆ ಬಂದರು, ಉಳಿದವರು ಅಂಚಿನ ಹಳ್ಳಿಗಳಲ್ಲಿ ಭೂಹೀನರಾದರು. 1975ರಲ್ಲಿ ಉದ್ಯಾನದ ವಿಸ್ತೀರ್ಣವನ್ನು ಸುಮಾರು 600 ಚದರ ಕಿಲೋಮೀಟರಿನಿಂದ 6,000ಕ್ಕೆ ಹಿಗ್ಗಿಸಿ ತಗ್ಗಿನ ಕಾಡುಗಳನ್ನೂ ಸೇರಿಸಿಕೊಂಡಾಗ ವಿವಾದದ ವ್ಯಾಪ್ತಿಯೂ ಹಿಗ್ಗಿತು. 1980ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾಟ್ವಾಗಳ ಅಹವಾಲು ಆಫ್ರಿಕಾದ ಮಾನವ ಹಕ್ಕುಗಳ ಆಯೋಗದ ಮುಂದೆ ಹೋಗಿ, ಅವರ ಪರವಾದ ತೀರ್ಪು ಬಹಿರಂಗವಾಗಲು 2024ರವರೆಗೆ ಕಾಯಬೇಕಾಯಿತು. ಗೊರಿಲ್ಲಾ ಸಂರಕ್ಷಣೆಯ ಚರಿತ್ರೆಗಳಲ್ಲಿ ಈ ಅರ್ಧ ಶತಮಾನದ ವ್ಯಾಜ್ಯಕ್ಕೆ ಸಿಗುವ ಜಾಗ ಬಹಳ ಸಣ್ಣದು.

ಒಗ್ಗಿಸುವಿಕೆಯ ಅತ್ಯಂತ ಕಠಿಣ ಪಾಠವೂ ಕಹೂಜಿಯಲ್ಲೇ ಕಲಿಯಬೇಕಾಗಿ ಬಂತು. 1980ರ ದಶಕದಲ್ಲಿ ಜರ್ಮನಿಯ ತಾಂತ್ರಿಕ ನೆರವಿನೊಂದಿಗೆ ಭೇಟಿಯ ನಿಯಮಗಳು ಬಿಗಿಯಾಗಿ, ಮಹೇಶೆ, ಮುಶಾಮುಕಾ ಮೊದಲಾದ ಗಂಡುಗಳ ಗುಂಪುಗಳು ಹೊರಜಗತ್ತಿಗೆ ಹೆಸರಿನಿಂದಲೇ ಪರಿಚಿತವಾಗಿದ್ದವು. 1993ರಲ್ಲಿ ಮಹೇಶೆಯನ್ನು ಕಳ್ಳಬೇಟೆಗಾರರು ಕೊಂದರು. ಮಾರನೆಯ ವರ್ಷ ರುವಾಂಡಾದ ನರಮೇಧದ ಬೆನ್ನಲ್ಲೇ ಲಕ್ಷಾಂತರ ನಿರಾಶ್ರಿತರು ಕಿವು ಪ್ರಾಂತಕ್ಕೆ ಬಂದರು. 1996ರಲ್ಲಿ ಮೊದಲ, 1998ರಲ್ಲಿ ಎರಡನೆಯ ಕಾಂಗೋ ಯುದ್ಧ ಶುರುವಾಯಿತು. 2000ದ ಸುಮಾರಿಗೆ ಕೋಲ್ಟನ್ ಎಂಬ ಅದಿರಿನ ಬೆಲೆ ಒಮ್ಮೆಲೇ ಗಗನಕ್ಕೇರಿತು. ಮೊಬೈಲ್ ಫೋನು ಮತ್ತು ಕಂಪ್ಯೂಟರುಗಳ ಪುಟ್ಟ ಬಿಡಿಭಾಗಗಳಿಗೆ ಬೇಕಾದ ಟ್ಯಾಂಟಲಂ ಲೋಹ ಈ ಅದಿರಿನಲ್ಲಿದ್ದು, ಅದನ್ನು ಬಗೆಯಲು ಉದ್ಯಾನದೊಳಗೆ ನುಗ್ಗಿದ ಸಾವಿರಾರು ಜನರಿಗೂ ಅವರನ್ನು ಆಳುತ್ತಿದ್ದ ಬಂದೂಕುಧಾರಿಗಳಿಗೂ ಕಾಡುಪ್ರಾಣಿಗಳೇ ಆಹಾರವಾದವು. ಮನುಷ್ಯನನ್ನು ಕಂಡರೆ ಓಡದ ಗುಂಪುಗಳು ಮೊದಲು ಬಲಿಯಾದವು. ಉದ್ಯಾನದ ಬೆಟ್ಟದ ಭಾಗದಲ್ಲಿ 1990ರ ದಶಕದ ಮಧ್ಯದವರೆಗೆ 250ರ ಆಸುಪಾಸಿನಲ್ಲಿದ್ದ ಗೊರಿಲ್ಲಾಗಳು 2000ದ ಹೊತ್ತಿಗೆ ಸುಮಾರು 130ಕ್ಕೆ ಇಳಿದವು. ಇಡೀ ಉಪಪ್ರಭೇದದ ಅಂದಾಜು 1990ರ ದಶಕದ ಸುಮಾರು 17,000ದಿಂದ 2016ರಲ್ಲಿ 3,800ಕ್ಕೆ ಕುಸಿಯಿತು. ದೂರದ ಕಾಡುಗಳನ್ನೂ ಸೇರಿಸಿ 2021ರಲ್ಲಿ ಮಾಡಿದ ಹೊಸ ಅಂದಾಜು ಅದನ್ನು 6,800ಕ್ಕೆ ಏರಿಸಿದ್ದು ಅಲ್ಪ ಸಮಾಧಾನದ ಸಂಗತಿ. ಯುದ್ಧದ ನಡುವೆಯೂ ಉದ್ಯಾನದ ಸಿಬ್ಬಂದಿ ಉಳಿದ ಗುಂಪುಗಳ ಜಾಡನ್ನು ಬಿಡದೆ ಹಿಡಿದರು, ಚಿಮನುಕಾ ಎಂಬ ಗಂಡಿನ ಗುಂಪನ್ನು ಹೊಸದಾಗಿ ಒಗ್ಗಿಸಿದರು. 2025ರ ಫೆಬ್ರುವರಿಯಲ್ಲಿ ಎಂ23 ಬಂಡುಕೋರರು ಬುಕಾವು ನಗರವನ್ನೇ ಹಿಡಿದಾಗ ಹಳೆಯ ಭಯ ಮತ್ತೆ ಎದುರು ನಿಂತಿತು.

ಪಶ್ಚಿಮದ ತಗ್ಗುಕಾಡಿನ ಕಥೆ ಬೇರೆ ಬಗೆಯದು. ಅಲ್ಲಿ ಒಗ್ಗಿಸುವ ಕೆಲಸ ಸಾಧ್ಯವೇ ಎಂಬುದೇ ಬಹುಕಾಲ ಪ್ರಶ್ನೆಯಾಗಿತ್ತು. ಬೆಟ್ಟದ ಗೊರಿಲ್ಲಾ ಕೈಗೆಟಕುವ ಸೊಪ್ಪುಸದೆಗಳ ನಡುವೆ ದಿನಕ್ಕೆ ಅರ್ಧ ಕಿಲೋಮೀಟರಿನಷ್ಟು ಸರಿದರೆ ಅದರ ಹೊಟ್ಟೆ ತುಂಬುತ್ತದೆ. ತಗ್ಗಿನ ಗೊರಿಲ್ಲಾ ಹಣ್ಣಿನ ಬೆನ್ನು ಹತ್ತಿ, ಮಾಗಿದ ಮರದಿಂದ ಮಾಗಿದ ಮರಕ್ಕೆ, ದಿನಕ್ಕೆ ಎರಡು ಕಿಲೋಮೀಟರಿನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ನಡೆಯುತ್ತದೆ. ಗುಂಪು ಸಣ್ಣದು, ಸದಸ್ಯರು ಚದುರಿ ಮೇಯುವವರು, ಕಾಡಿನ ಕೆಳಹಂತ ಹತ್ತು ಹೆಜ್ಜೆಯಾಚೆ ಏನೂ ಕಾಣದಷ್ಟು ದಟ್ಟ. ಎಲ್ಲಕ್ಕಿಂತ ಮಿಗಿಲಾಗಿ, ಈ ಪ್ರದೇಶದಲ್ಲಿ ಗೊರಿಲ್ಲಾ ಮಾಂಸಕ್ಕಾಗಿ ಬೇಟೆಗೆ ಒಳಗಾಗುವ ಪ್ರಾಣಿ; ಮನುಷ್ಯನ ವಾಸನೆ ಬಂದೊಡನೆ ಓಡುವುದನ್ನು ಅದು ತಲೆಮಾರುಗಳಿಂದ ಕಲಿತಿದೆ. ಗ್ಯಾಬನ್ನಿನ ಲೋಪೆಯಲ್ಲಿ 1983ರಲ್ಲಿ ಸಂಶೋಧನಾ ಕೇಂದ್ರವನ್ನು ಆರಂಭಿಸಿದ ಕ್ಯಾರೊಲಿನ್ ಟುಟಿನ್ ಮತ್ತು ಸಂಗಡಿಗರು ವರ್ಷಗಟ್ಟಲೆ ಯತ್ನಿಸಿದರೂ ಅಲ್ಲಿನ ಗೊರಿಲ್ಲಾಗಳು ಪೂರ್ಣವಾಗಿ ಒಗ್ಗಲಿಲ್ಲ. ಅವುಗಳ ಆಹಾರಕ್ರಮವನ್ನು ಅವರು ಬಹುಮಟ್ಟಿಗೆ ಬರೆದದ್ದು ಲದ್ದಿಯನ್ನು ತೊಳೆದು, ಜರಡಿ ಹಿಡಿದು, ಬೀಜಗಳನ್ನು ಎಣಿಸಿ. ಕಾಂಗೋ ಗಣರಾಜ್ಯದ ಎಂಬೆಲಿಯಲ್ಲಿ 1995ರಿಂದ ನಡೆದ ಅಧ್ಯಯನ ಇನ್ನೊಂದು ಮಾರ್ಗವನ್ನು ಹಿಡಿಯಿತು. ಮಳೆಕಾಡಿನ ನಡುವೆ ಲವಣಯುಕ್ತ ಕೆಸರು ಮತ್ತು ಜಲಸಸ್ಯಗಳಿಂದ ಕೂಡಿದ, ಸ್ಥಳೀಯರು ಬಾಯಿ ಎಂದು ಕರೆಯುವ ತೆರಪುಗಳಿಗೆ ಗೊರಿಲ್ಲಾಗಳು ತಾವಾಗಿಯೇ ಬರುತ್ತವೆ. ಅಂಚಿನಲ್ಲಿ ಅಟ್ಟಣೆ ಕಟ್ಟಿ ಕಾದು ಕುಳಿತರೆ ಹಿಂಬಾಲಿಸುವ ಅಗತ್ಯವೇ ಇಲ್ಲ. ನೋಡುವವನಿಗೆ ದೂರ ಹೆಚ್ಚು, ಪ್ರಾಣಿಗೆ ಅಪಾಯ ಕಡಿಮೆ. ಈ ಮಾರ್ಗಕ್ಕೆ ಸಿಗಬೇಕಾದಷ್ಟು ಮನ್ನಣೆ ಪ್ರವಾಸೋದ್ಯಮದಲ್ಲಿ ಸಿಕ್ಕಿಲ್ಲ.

ಒಗ್ಗಿಸಿ ಪ್ರವಾಸಿಗರಿಗೆ ತೋರಿಸುವ ಮಾರ್ಗ ಪಶ್ಚಿಮದಲ್ಲಿ ಗಟ್ಟಿಯಾಗಿ ಬೇರೂರಿದ್ದು ಮಧ್ಯ ಆಫ್ರಿಕಾ ಗಣರಾಜ್ಯದ ನೈರುತ್ಯ ಮೂಲೆಯಲ್ಲಿ, 1990ರಲ್ಲಿ ರಕ್ಷಿತಗೊಂಡ ಜಂಗಾ-ಸಂಗಾ ಪ್ರದೇಶದಲ್ಲಿ. ಅಲ್ಲಿನ ಬಾಯಿ ಹೊಕೌ ಎಂಬ ಸಂಶೋಧನಾ ಶಿಬಿರದಲ್ಲಿ 1990ರ ದಶಕದ ಕೊನೆಯಲ್ಲಿ ವಿಶ್ವ ವನ್ಯಜೀವಿ ನಿಧಿಯ ಆಶ್ರಯದಲ್ಲಿ ಕಪಿಗಳನ್ನು ಒಗ್ಗಿಸುವ ಕಾರ್ಯಕ್ರಮ ಶುರುವಾಯಿತು. ಇಟಲಿಯ ಸಂಶೋಧಕಿ ಕ್ಲೋಯಿ ಚಿಪೊಲೆಟ್ಟಾ ಬಹುಕಾಲ ಅದರ ಹೊಣೆ ಹೊತ್ತರೆ, ಕಾಡಿನೊಳಗಿನ ಕೆಲಸವನ್ನು ಬಾ-ಆಕಾ ಸಮುದಾಯದ ಜಾಡುಗಾರರು ಹೊತ್ತರು. ಬಾ-ಆಕಾಗಳು ಬಲೆ ಬೀಸಿ ಬೇಟೆಯಾಡುವುದಕ್ಕೂ, ಜೇನು ಕೀಳುವುದಕ್ಕೂ, ಬಹುಧ್ವನಿಯ ಹಾಡುಗಾರಿಕೆಗೂ ಹೆಸರಾದ ಅರಣ್ಯವಾಸಿಗಳು. ಹೊರಗಿನವರು ಅವರನ್ನು ಪಿಗ್ಮಿಗಳೆಂಬ ಹೆಸರಿನಡಿ ಸೇರಿಸುತ್ತಾರೆ.

ಅವರ ಕೆಲಸವನ್ನು ಹತ್ತಿರದಿಂದ ನೋಡುವುದು ಅವಶ್ಯಕ, ಏಕೆಂದರೆ ಪ್ರವಾಸಿಗರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಗೊರಿಲ್ಲಾಗಳು ಪ್ರತಿ ಸಂಜೆ ಸೊಪ್ಪನ್ನೂ ರೆಂಬೆಗಳನ್ನೂ ಮಡಿಸಿ ಹೊಸ ಹಾಸಿಗೆಗಳನ್ನು ಮಾಡಿಕೊಂಡು ಮಲಗುತ್ತವೆ. ಜಾಡುಗಾರರು ಬೆಳಗಿನ ಮೊದಲ ಬೆಳಕಿಗೇ ಹಿಂದಿನ ಸಂಜೆ ಗುಂಪನ್ನು ಬಿಟ್ಟುಬಂದ ಎಡೆಗೆ ಮರಳಿ, ಹಾಸಿಗೆಗಳನ್ನು ಹುಡುಕಿ, ಅಲ್ಲಿಂದ ದಾರಿ ಹಿಡಿಯುತ್ತಾರೆ. ಒಣ ಎಲೆಗಳ ನೆಲದಲ್ಲಿ ಹೆಜ್ಜೆಗುರುತು ಮೂಡುವುದು ಅಪರೂಪ. ಓದಬೇಕಾದದ್ದು ಬೇರೆ ಗುರುತುಗಳನ್ನು. ಮರಾಂಟೇಸಿ ಕುಟುಂಬದ ಅಗಲ ಎಲೆಯ ಗಿಡವೊಂದು ಮಗುಚಿ ಅದರ ಮಾಸಲು ಅಡಿಬದಿ ಮೇಲೆ ಕಾಣುತ್ತಿದ್ದರೆ ಯಾವುದೋ ಭಾರವಾದ ಮೈ ಅದನ್ನು ಸವರಿ ಹೋಗಿದೆ. ನಮ್ಮ ಏಲಕ್ಕಿ, ಶುಂಠಿಗಳ ಬಂಧುವಾದ ಆಫ್ರಮೋಮಮ್ ಗಿಡದ ದಂಟನ್ನು ಸೀಳಿ, ತಿರುಳನ್ನು ಅಗಿದು, ನಾರನ್ನು ಉಗಿದಿದ್ದರೆ, ಆ ನಾರು ಇನ್ನೂ ಒದ್ದೆಯಾಗಿದೆಯೋ ಕಂದಿದೆಯೋ ಎಂಬುದರಿಂದ ಎಷ್ಟು ಹೊತ್ತಿನ ಹಿಂದೆ ಎಂಬ ಲೆಕ್ಕ ಸಿಗುತ್ತದೆ. ಒಡೆದ ಗೆದ್ದಲ ಗೂಡು, ಹಣ್ಣಿನ ಬೀಜ ತುಂಬಿದ ಲದ್ದಿ, ನೆಲಕ್ಕೆ ಊರಿದ ಬೆರಳುಗೆಣ್ಣಿನ ಅಚ್ಚು, ಕೊನೆಗೆ ಬೆಳ್ಳಿಬೆನ್ನಿನ ಗಂಡು ಗಾಬರಿಗೊಂಡಾಗ ಗಾಳಿಯಲ್ಲಿ ಬಿಡುವ ಘಾಟು ವಾಸನೆ. ಗುಂಪು ಸಮೀಪಿಸಿದೆಯೆಂದು ಖಚಿತವಾದ ಮೇಲೆ ಜಾಡುಗಾರರು ಸದ್ದಡಗಿಸಿಕೊಳ್ಳುವುದಿಲ್ಲ. ನಾಲಿಗೆಯನ್ನು ಅಂಗುಳಿಗೆ ಬಡಿದು ಲೊಚಗುಟ್ಟುತ್ತಾ ಬರುತ್ತಾರೆ. ಕಳ್ಳಬೇಟೆಗಾರ ಸದ್ದಿಲ್ಲದೆ ಬರುತ್ತಾನೆ, ದಿನನಿತ್ಯದ ಜನ ಈ ಸದ್ದಿನೊಂದಿಗೆ ಬರುತ್ತಾರೆ ಎಂಬ ಭೇದವನ್ನು ಗೊರಿಲ್ಲಾಗಳು ವರ್ಷಗಳ ಅವಧಿಯಲ್ಲಿ ಕಲಿಯುತ್ತವೆ.

ಆ ಕಲಿಕೆ ಹಂತಹಂತವಾಗಿ ನಡೆಯಿತು. ಮೊದಲು ಕಿರುಚಿ ಓಡಿಹೋಗುವುದು, ಆಮೇಲೆ ಗಂಡು ನಿಂತು ಗರ್ಜಿಸಿ ಮೇಲೆರಗಿದಂತೆ ಬರುವುದು, ಅನಂತರ ಸುಮ್ಮನೆ ದೂರ ಸರಿಯುವುದು ಅಥವಾ ಇಣುಕಿ ನೋಡುವುದು, ಎಲ್ಲ ಆದ ಮೇಲೆ ಉಪೇಕ್ಷೆ. ಗಂಡು ನುಗ್ಗಿ ಬಂದಾಗ ಓಡದೆ ನಿಲ್ಲಬೇಕಾದವರು ಮುಂದಿದ್ದ ಜಾಡುಗಾರರೇ. ಬೆಟ್ಟದ ಗುಂಪುಗಳು ಒಂದೆರಡು ವರ್ಷಗಳಲ್ಲಿ ಒಗ್ಗಿದರೆ ಇಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುವುದುಂಟು. ಮಾಕುಂಬಾ ಎಂಬ ಗಂಡಿನ ಗುಂಪು ಹೀಗೆ ಒಗ್ಗಿ, 2000ದ ದಶಕದ ಮೊದಲ ವರ್ಷಗಳಿಂದ ಪ್ರವಾಸಿಗರನ್ನು ಸಹಿಸತೊಡಗಿತು. ಅದೇ ಗುಂಪಿನ ಮಲುಯಿ ಎಂಬ ಹೆಣ್ಣು 2016ರಲ್ಲಿ ಅವಳಿ ಮರಿಗಳನ್ನು ಹೆತ್ತದ್ದು ಸುದ್ದಿಯಾಯಿತು. ಚಿಟ್ಟೆಗಳ ಮೋಡದ ನಡುವೆ ನಡೆದುಬರುತ್ತಿರುವ ಮಲುಯಿಯ ಚಿತ್ರಕ್ಕಾಗಿ ಭಾರತೀಯ ಮೂಲದ ಛಾಯಾಗ್ರಾಹಕ ಅನೂಪ್ ಶಾ 2021ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೊಂದರ ಮಹಾಬಹುಮಾನವನ್ನು ಪಡೆದರು. ಅಂಥದೊಂದು ಚಿತ್ರ ಅಷ್ಟು ಹತ್ತಿರದಿಂದ ಸಾಧ್ಯವಾಗಬೇಕಾದರೆ ಅದರ ಹಿಂದೆ ಎಷ್ಟು ಜನರ ಎಷ್ಟು ಬೆಳಗುಗಳು ಸೇರಿವೆ ಎಂಬುದನ್ನು ಚಿತ್ರದ ಅಡಿಬರಹಗಳು ಹೇಳುವುದಿಲ್ಲ.

ಪಕ್ಕದ ಕಾಂಗೋ ಗಣರಾಜ್ಯದಲ್ಲಿ ನಡೆದದ್ದು ಇದಕ್ಕಿಂತ ದಾರುಣ. 1935ರಷ್ಟು ಹಿಂದೆಯೇ ಸ್ಥಾಪಿತವಾದ ಒಡ್ಜಾಲಾ ಉದ್ಯಾನದ ದಕ್ಷಿಣಕ್ಕಿರುವ ಲೊಸಿ ಕಾಡಿನಲ್ಲಿ ಸ್ಪೇನಿನ ಪ್ರೈಮೇಟ್ ತಜ್ಞೆ ಮಗ್ದಲೆನಾ ಬೆರ್ಮೇಹೋ ಮತ್ತು ಹೆರ್ಮಾನ್ ಇಯೇರಾ 1990ರ ದಶಕದ ಮಧ್ಯದಿಂದ, ಆ ನೆಲದ ಒಡೆಯರಾದ ಹಳ್ಳಿಗರ ಒಪ್ಪಿಗೆ ಮತ್ತು ಸಹಭಾಗಿತ್ವದಲ್ಲಿ, ಗೊರಿಲ್ಲಾಗಳನ್ನು ಒಗ್ಗಿಸಿದ್ದರು. ಹಳ್ಳಿಗರೇ ಮುಂದೆ ನಿಂತು ತಮ್ಮ ಕಾಡನ್ನು ಅಭಯಧಾಮವಾಗಿ ಮಾಡಿಸಿಕೊಂಡ ಅಪರೂಪದ ನಿದರ್ಶನವದು. 2002ರಲ್ಲಿ ಎಬೋಲಾ ಬಂತು. ಮನುಷ್ಯರನ್ನೂ ಕಪಿಗಳನ್ನೂ ಒಂದೇ ಬಗೆಯಾಗಿ ಕೊಲ್ಲುವ ಈ ವೈರಸ್ ರೋಗಕ್ಕೆ 2002ರ ಅಕ್ಟೋಬರಿನಿಂದ 2003ರ ಜನವರಿಯವರೆಗಿನ ನಾಲ್ಕು ತಿಂಗಳಲ್ಲಿ, ಒಂದೊಂದಾಗಿ ಗುರುತಿಸಿ ಹೆಸರಿಟ್ಟಿದ್ದ 143 ಗೊರಿಲ್ಲಾಗಳಲ್ಲಿ 130 ಬಲಿಯಾದವು. ಮರುವರ್ಷ ನೆರೆಯ ಗುಂಪುಗಳ 95ರಲ್ಲಿ 91 ಕಾಣೆಯಾದವು. ಸುತ್ತಲಿನ ಪ್ರದೇಶದಲ್ಲಿ ಸತ್ತ ಗೊರಿಲ್ಲಾಗಳು ಸುಮಾರು 5,000 ಎಂದು 2006ರಲ್ಲಿ ಪ್ರಕಟವಾದ ಪ್ರಬಂಧ ಅಂದಾಜಿಸಿತು. ಈ ಸಾವಿಗೆ ಒಗ್ಗಿಸುವಿಕೆ ಕಾರಣವಲ್ಲ. ಆದರೆ ಆ ಗುಂಪುಗಳು ಒಗ್ಗಿರದಿದ್ದರೆ ಸಾವಿನ ಲೆಕ್ಕವೇ ಸಿಗುತ್ತಿರಲಿಲ್ಲ. ಬೆರ್ಮೇಹೋ ಹಿಂಜರಿಯದೆ ಒಡ್ಜಾಲಾದ ಅಂಚಿನ ಎನ್‌ಗಾಗಾದಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿ, ನೆಪ್ಚುನೊ, ಜುಪಿಟರ್ ಎಂಬ ಗಂಡುಗಳ ಗುಂಪುಗಳನ್ನು ಒಗ್ಗಿಸಿದರು. 2012ರಲ್ಲಿ ಅಲ್ಲಿ ಪ್ರವಾಸಿಗರ ತಂಗುದಾಣ ತೆರೆಯಿತು. ಮೊಂಡಿಕಾ ಎಂಬಲ್ಲಿ ಡಯಾನ್ ಡೊರಾನ್-ಶೀಹಿ ಕಿಂಗೋ ಎಂಬ ಗಂಡಿನ ಗುಂಪನ್ನು ಒಗ್ಗಿಸಿದ್ದು ಸಂಶೋಧನೆಗಾಗಿ. ಆ ನೆಲವು 2023ರಲ್ಲಿ ನೊವಬಾಲೆ-ಎನ್‌ಡೋಕಿ ಉದ್ಯಾನಕ್ಕೆ ಸೇರಿತು. ಗ್ಯಾಬನ್ನಿನ ಲೋವಾಂಗೋದಲ್ಲಿ 2005ರಿಂದ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ ಇದೇ ಕೆಲಸದಲ್ಲಿ ತೊಡಗಿದೆ.

ರೋಗದ ಭಯವೇ ಇಂದಿನ ಭೇಟಿಯ ಶಿಸ್ತನ್ನು ರೂಪಿಸಿದೆ. ಮನುಷ್ಯನಿಗೆ ನೆಗಡಿಯಷ್ಟೇ ತರುವ ವೈರಾಣು ಗೊರಿಲ್ಲಾಗೆ ಮಾರಕವಾದ ನ್ಯುಮೋನಿಯಾ ತರಬಲ್ಲದು. 2021ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸಫಾರಿ ಉದ್ಯಾನವೊಂದರ ತಗ್ಗುನಾಡಿನ ಗೊರಿಲ್ಲಾಗಳಿಗೇ ಕೋವಿಡ್ ತಗಲಿತ್ತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಾರ್ಗಸೂಚಿಯು ಕನಿಷ್ಠ ಏಳು ಮೀಟರುಗಳ ಅಂತರವನ್ನೂ, ಮುಖಗವಸನ್ನೂ, ದಿನಕ್ಕೊಂದೇ ತಾಸಿನ ಭೇಟಿಯನ್ನೂ ವಿಧಿಸಿತು. ಕೋವಿಡ್ಡಿನ ನಂತರ ಅಂತರವು ಹತ್ತು ಮೀಟರಿಗೆ ಏರಿತು. ಬೆಟ್ಟದ ಗೊರಿಲ್ಲಾ ನೋಡಲು ಒಂದು ತಂಡದಲ್ಲಿ ಎಂಟು ಜನ ಹೋಗುವುದಾದರೆ, ತಗ್ಗುಕಾಡಿನಲ್ಲಿ ಆ ಸಂಖ್ಯೆ ಮೂರ್ನಾಲ್ಕಕ್ಕೆ ನಿಲ್ಲುತ್ತದೆ.

ಹೀಗಾಗಿ ತಗ್ಗುಕಾಡಿನ ಗೊರಿಲ್ಲಾ ಪ್ರವಾಸವು ರುವಾಂಡಾದ ಮಾದರಿಯಲ್ಲಿ ಹಣ ತರಬಹುದೆಂಬ ನಿರೀಕ್ಷೆಗೆ ಆಧಾರ ಕಡಿಮೆ. ರುವಾಂಡಾ 2017ರಿಂದ ಒಂದು ತಾಸಿನ ಪರವಾನಗಿಗೆ 1,500 ಡಾಲರ್ ಪಡೆಯುತ್ತದೆ. ಅಲ್ಲಿ ಹತ್ತಾರು ಗುಂಪುಗಳಿವೆ, ರಾಜಧಾನಿಯಿಂದ ಡಾಂಬರು ರಸ್ತೆಯಿದೆ. ಬೆಟ್ಟದ ಗೊರಿಲ್ಲಾಗಳ ಸಂಖ್ಯೆ ಸಾವಿರವನ್ನು ದಾಟಿರುವುದರಲ್ಲಿ ಆ ಹಣದ ಪಾಲು ನಿಶ್ಚಯವಾಗಿಯೂ ಇದೆ. ಪಶ್ಚಿಮದ ತಗ್ಗುನಾಡಿನಲ್ಲಾದರೋ 2018ರ ಅಂದಾಜಿನಂತೆ ಮೂರು ಲಕ್ಷ ಅರುವತ್ತು ಸಾವಿರದಷ್ಟು ಗೊರಿಲ್ಲಾಗಳಿದ್ದು, ಸಂಖ್ಯೆ ವರ್ಷಕ್ಕೆ ಶೇಕಡ 2.7ರಂತೆ ಇಳಿಯುತ್ತಿತ್ತು, ಅವುಗಳ ಐದರಲ್ಲಿ ನಾಲ್ಕು ಪಾಲು ರಕ್ಷಿತ ಪ್ರದೇಶಗಳ ಹೊರಗಿವೆ, ಹಲವು ಮರ ಕಡಿಯುವ ಗುತ್ತಿಗೆಯ ಕಾಡುಗಳಲ್ಲಿವೆ. ಕೆಲವೇ ಒಗ್ಗಿದ ಗುಂಪುಗಳ ದರ್ಶನದಿಂದ ಇಷ್ಟು ವಿಶಾಲವಾದ ಕಾಡನ್ನು ಕಾಯಲಾಗದು. ಆದರೆ ಜಂಗಾ-ಸಂಗಾದಂಥ ದೂರದ ಮೂಲೆಯಲ್ಲಿ ಬಾ-ಆಕಾಗಳಿಗೆ ಸಂಬಳವನ್ನೂ ಅವರ ವಿದ್ಯೆಗೆ ಮರ್ಯಾದೆಯನ್ನೂ ಕೊಡುವ ಉದ್ಯೋಗ ಬೇರೆ ಹೆಚ್ಚೇನೂ ಇಲ್ಲ ಎಂಬುದನ್ನೂ ಅಲ್ಲಗಳೆಯಲಾಗದು.

2013ರ ಮಾರ್ಚಿನಲ್ಲಿ ಸೆಲೆಕಾ ಬಂಡುಕೋರರು ಮಧ್ಯ ಆಫ್ರಿಕಾ ಗಣರಾಜ್ಯದ ಅಧಿಕಾರ ಹಿಡಿದು, ಮೇ ತಿಂಗಳಲ್ಲಿ ಜಂಗಾ ಬಾಯಿ ಎಂಬ ತೆರಪಿನಲ್ಲಿ 26 ಆನೆಗಳ ಹತ್ಯೆಯಾದಾಗ ಪ್ರವಾಸಿಗರ ಬರವು ನಿಂತುಹೋಯಿತು. ಆದರೂ ಮಾಕುಂಬಾನ ಗುಂಪು ಉಳಿಯಿತು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಎಲ್ಲ ಉದ್ಯಾನಗಳೂ ಪ್ರವಾಸಿಗರಿಗೆ ಬಾಗಿಲು ಮುಚ್ಚಿದವು. ಗೊರಿಲ್ಲಾವೊಂದು ಮೂವತ್ತು ನಲವತ್ತು ವರ್ಷ ಬದುಕುವ ಪ್ರಾಣಿ, ಒಮ್ಮೆ ತೆಗೆದ ಅಂಜಿಕೆಯನ್ನು ಯುದ್ಧ ಬಂತೆಂದು ಅದಕ್ಕೆ ಮರಳಿ ಕಲಿಸಲಾಗದು. ಕಹೂಜಿಯಲ್ಲಿ ಕಾವಲು ಸಡಿಲಿದ ವರ್ಷಗಳ ಫಲವೇನೆಂಬುದು ಎಲ್ಲರ ಕಣ್ಣಮುಂದಿದೆ. ಆದ್ದರಿಂದ ಹೊಸ ಗುಂಪೊಂದನ್ನು ಒಗ್ಗಿಸಲು ಹೊರಡುವ ಯಾವುದೇ ಉದ್ಯಾನವು, ಪ್ರವಾಸಿಗರು ಬಾರದ ವರ್ಷಗಳಲ್ಲಿ ಜಾಡುಗಾರರ ಸಂಬಳ ಎಲ್ಲಿಂದ ಬರುತ್ತದೆ ಎಂಬ ಲೆಕ್ಕವನ್ನು ಮೊದಲು ಒಪ್ಪಿಸಬೇಕು. ಒಪ್ಪಿಸಲಾಗದಿದ್ದರೆ ಆ ಗುಂಪನ್ನು ಅದರ ಅಂಜಿಕೆಯೊಂದಿಗೇ ಬಿಟ್ಟುಬಿಡುವುದು ಲೇಸು.